ಮಾವನವರು ಬಂದರು, ಬ್ರೇಕ್ ಹೋಯಿತು

“ಒತ್ತಿ ಹಿಡಿ. ನಾ ಹೇಳೋತನಕ ಕಾಲು ತಗೀಬ್ಯಾಡ,” ಎಂದರು ಕಾರಿನ ಕೆಳಗೆ ಮಲಗಿದ್ದ ನನ್ನ ಯಜಮಾನರು. ಹುಮನಾಬಾದಿನ ನಮ್ಮ ಅಂಗಳದಲ್ಲಿ ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬುವ ಕೆಲಸ ಬೆಳಗಿನಿಂದ ನಡೆದಿತ್ತು. ಪೆಡಲ್ ಒತ್ತುವುದು ನನ್ನ ಪಾಲು. ಇನ್ನೇನು ಕೊನೆಯ ಚಕ್ರ ಮುಗಿಯಬೇಕು, ಚಿಟಗುಪ್ಪದ ಬಸ್ಸಿಳಿದು ಬಂದ ಮಾವನವರು ಗೇಟು ತೆರೆದರು. ನಾನು ತಲೆ ಮೇಲೆ ಸೆರಗೆಳೆದುಕೊಂಡು ಕಾರಿನಿಂದಿಳಿದು ನಿಂತುಬಿಟ್ಟೆ. ಸಡಿಲಿಸಿದ್ದ ನಟ್ಟಿನಿಂದ ಗಾಳಿ ಬ್ರೇಕಿನ ಕೊಳವೆಯೊಳಗೆ ನುಗ್ಗಿತು; ಬೆಳಗಿನಿಂದ ಮಾಡಿದ್ದೆಲ್ಲ ವ್ಯರ್ಥ.

“ಕಾಲು ಯಾಕ ತಗದಿ?”

“ಮಾವಾರು ಬಂದಾರ್ರಿ.”

ಅಪ್ಪನೆದುರು ಬೈಯಲಾಗದೆ ಯಜಮಾನರು ಕಾರಿನ ಕೆಳಗೇ ನಟ್ಟು ಬಿಗಿದರು.

ಈಗ ಬ್ರೇಕ್ ಆಯಿಲ್ ಬದಲಿಸುವಾಗಲೆಲ್ಲ ಚಿಟಗುಪ್ಪಕ್ಕೆ ಫೋನ್ ಹೋಗುತ್ತದೆ. ಪೆಡಲ್ ಒತ್ತುವವರು ಮಾವನವರೇ. ಯಾರು ಬಂದರೂ ಅವರು ಏಳುವುದಿಲ್ಲ.