ಹಳದಿ ಚೀಟಿಯವರು ಕಾಯಬೇಕು

ಹೋದ ತಿಂಗಳು ನಾನು ಒಂದೂವರೆ ತಾಸು ಸತ್ತಿದ್ದೆ.

ಗಾಬರಿಯಾಗಬೇಡಿ. (ಖುಷಿಯೂ ಪಡಬೇಡಿ. ನಿಮ್ಮಲ್ಲಿ ಕೆಲವರು ನನಗೆ ಗೊತ್ತು.) ಕೃಷ್ಣೆಗೆ ಪ್ರವಾಹ ಬಂದರೆ ಏನು ಮಾಡಬೇಕೆಂದು ತೋರಿಸಲು ರಬಕವಿ ಕಡೆಯ ಸಾಲೆಯೊಂದರಲ್ಲಿ ಮಾಕ್ ಡ್ರಿಲ್ ಇಟ್ಟಿದ್ದರು. ನಕಲಿ ಪ್ರವಾಹ, ನಕಲಿ ರೋಗಿಗಳು, ಅಸಲಿ ಉಪ್ಪಿಟ್ಟು. ರೋಗಿಗಳ ಕೊರಳಿಗೆ ಬಣ್ಣದ ಚೀಟಿ. ಕೆಂಪು ಅಂದರೆ ಮೊದಲು ಇವರನ್ನು ಸಾಗಿಸಿ. ಹಳದಿ ಅಂದರೆ ಸ್ವಲ್ಪ ಕಾಯಬಹುದು. ಕಪ್ಪು ಅಂದರೆ ಸತ್ತವರು.

ನನಗೆ ಕಪ್ಪು ಬಂತು. ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಬಾಯಿ ಮುಚ್ಚಿಕೊಂಡು ಮಲಗುವ ಪಾತ್ರ. ಮುಧೋಳ ಬಸ್ ಸ್ಟ್ಯಾಂಡಿನ ಕಂಡಕ್ಟರ್, ಮುಧೋಳದ ನಾಯಿ, ಬನಹಟ್ಟಿಯ ಪವರ್‌ಲೂಮ್, ಎಲ್ಲವೂ ನನ್ನ ಗಂಟಲಲ್ಲಿವೆ. ಹೆಣ ಹೊಸದು.

ಹಳದಿ ಚೀಟಿ ಸಿಕ್ಕಿದ್ದು ನನ್ನ ದೊಡ್ಡವ್ವನಿಗೆ. ಮದುವೆಯಾಗಿ ಬಂದ ದಿನದಿಂದ ಮಗ್ಗದ ಸಪ್ಪಳದಲ್ಲಿ, ಹತ್ತಿಯ ಧೂಳಿನಲ್ಲಿ ಬದುಕಿದವಳು. ಅದಕ್ಕೇ ದಮ್ಮು. ಆ ದಮ್ಮಿನ ಉಸಿರು, ಸೀಟಿ ಊದಿದ ಹಾಗೆ ಎಳೆದೆಳೆದು ಬರುವುದು, ನನ್ನ ಸ್ಟೇಜ್ ಶೋದ ಹಿಟ್ ಐಟಂ. ಓಣಿಯಲ್ಲೆಲ್ಲ ಅದನ್ನು ಮಾಡಿ ನಗಿಸಿದ್ದೇನೆ. ದೊಡ್ಡವ್ವನೂ ನಕ್ಕಿದ್ದಾಳೆ. ನಕ್ಕು, ಅದೇ ಉಸಿರು ಹತ್ತಿ, ಬಾಯಿಗೆ ಹೊಡೆದುಕೊಳ್ಳುವ ದಮ್ಮಿನ ಪಂಪು ಹುಡುಕಿದ್ದಾಳೆ.

ಅವತ್ತು ಹೊರಡುವಾಗಲೂ ಕೇಳಿದಳು. "ಪಂಪ್ ತಗೊಳ್ಳೇನೋ?"

"ಪಂಪ್ ಯಾಕ ಬೇ? ಖರೆ ರೋಗಿ ಅಂತ ತಿಳಕೊಂಡು ಸೂಜಿ ಚುಚ್ಚ್ಯಾರು. ಬರೇ ಮಲಕೋ, ಉಪ್ಪಿಟ್ಟು ತಿಂದ ಬರೂಣು."

"ಮಂಗ್ಯಾ," ಅಂದಳು. ಪಂಪು ಗೋಡೆಯ ಮಾಡದಲ್ಲೇ ಉಳಿಯಿತು.

ಸಾಲೆಯ ಅಂಗಳದಲ್ಲಿ ತಾಡಪತ್ರಿ ಹಾಸಿ ನಮ್ಮನ್ನು ಸಾಲಾಗಿ ಮಲಗಿಸಿದರು. ಹಿಂದಿನ ಗೋಡೆಯಾಚೆ ಮಗ್ಗಗಳು ಖಟಾಪಟಿ ಹೊಡೆಯುತ್ತಿದ್ದವು. ಬಿಸಿಲು ಏರಿತು. ತಲೆಗೆ ಕೆಂಪು ಶಾಯಿ ಬಳಿದುಕೊಂಡ ಕಾಲೇಜು ಹುಡುಗನೊಬ್ಬನನ್ನು ಅಂಬುಲೆನ್ಸಿಗೆ ಹಾಕಿ, ಸೈರನ್ ಹೊಡೆದುಕೊಂಡು ಜಮಖಂಡಿಗೆ ಕಳಿಸಿದರು. ಜನ ಚಪ್ಪಾಳೆ ತಟ್ಟಿದರು.

ಆಗ ನನ್ನ ಪಕ್ಕದಲ್ಲಿ ಸೀಟಿ ಶುರುವಾಯಿತು.

ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದೆ. "ದೊಡ್ಡವ್ವ, ಓವರ್ ಆಕ್ಟಿಂಗ್ ಬ್ಯಾಡ."

ಸೀಟಿ ಇನ್ನೂ ಎಳೆಯಿತು. ಸುತ್ತ ನಿಂತವರು ನಗತೊಡಗಿದರು. "ನೋಡಲೇ, ದೊಡ್ಡವ್ವಗೂ ಕಲಿಸ್ಯಾನ. ಅವಂಗಿಂತ ಈಕೀನ ಛಲೋ ಮಾಡಾಕತ್ತಾಳ."

ಕಣ್ಣು ತೆರೆದೆ. ಅವಳ ಕೈ ತಾಡಪತ್ರಿಯನ್ನು ಕೆರೆಯುತ್ತಿತ್ತು. ಉಗುರುಗಳು ನೀಲಿ.

ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳುತ್ತೇನೆ. ಉಸಿರನ್ನು ನಕಲು ಮಾಡಬಹುದು. ಉಗುರಿನ ಬಣ್ಣವನ್ನು ಮಾಡಲು ಬರುವುದಿಲ್ಲ.

ಎದ್ದು ನಿಂತೆ. ಕೈಯಲ್ಲಿ ಪಟ್ಟಿ ಹಿಡಿದ ಸಾಹೇಬರು ಸಿಟ್ಟಿಗೆದ್ದರು. "ಏ ತಮ್ಮಾ, ನೀ ಸತ್ತೀದಿ. ಮಲಕೋ."

"ಸರ, ಖರೇನ ದಮ್ಮ ಹತ್ತೇತ್ರಿ ಆಕಿಗೆ."

"ಆಕಿ ಹಳದಿ ಅದಾಳ. ಕೆಂಪು ಮುಗೀಲಿ, ಆಮ್ಯಾಲ ನೋಡೂಣು."

ಮತ್ತೆ ನಗು. ಅವರ ತಪ್ಪೇನು? ಈ ಉಸಿರಿಗೆ ನಗಬೇಕೆಂದು ಊರಿಗೆ ಕಲಿಸಿದವನು ನಾನೇ.

ನಗದೆ ಇದ್ದವಳು ನರ್ಸ್ ಒಬ್ಬಳೇ. ಬಂದು ಬಗ್ಗಿ ಆ ಬೆರಳು ಹಿಡಿದಳು, ಎದ್ದು ಆಕ್ಸಿಜನ್ ಸಿಲಿಂಡರಿನ ಹತ್ತಿರ ಓಡಿದಳು. ಸಿಲಿಂಡರ್ ಇತ್ತು. ತುಂಬಿತ್ತು. ಮಾಸ್ಕ್ ಇತ್ತು. ಸಾಹೇಬರ ಪಟ್ಟಿಯಲ್ಲಿ ಮೂರಕ್ಕೂ ಟಿಕ್ ಇತ್ತು. ಸಿಲಿಂಡರಿನ ನೆತ್ತಿಯ ಮೇಲಿನ ವಾಲ್ವ್ ತಿರುಗಿಸಲು ಒಂದು ಕಬ್ಬಿಣದ ಚಾವಿ ಬೇಕು. ಅದು ಪಟ್ಟಿಯಲ್ಲಿ ಇರಲಿಲ್ಲ.

"ಚಾವಿ ಎಲ್ಲೈತ್ರಿ?" ನರ್ಸ್ ಕೇಳಿದಳು.

ಚಾವಿ ಡ್ರೈವರನ ಕಿಸೆಯಲ್ಲಿತ್ತು. ಡ್ರೈವರ್ ಜಮಖಂಡಿಯ ದಾರಿಯಲ್ಲಿದ್ದ. ಕೆಂಪು ಶಾಯಿಯ ಜೊತೆ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ನರ್ಸ್ ಬರಿಗೈಯಲ್ಲಿ ವಾಲ್ವ್ ತಿರುಗಿಸಲು ಹೋಗಿ ಅಂಗೈ ಸುಲಿದುಕೊಂಡಳು. ಸಾಹೇಬರು ಯಾರಿಗೋ ಫೋನ್ ಹಚ್ಚಿದರು. ನಾನು ಗೋಡೆ ಹಾರಿ ಮಗ್ಗದ ಶೆಡ್ಡಿಗೆ ನುಗ್ಗಿದೆ, ಕೊರಳಲ್ಲಿ ಕಪ್ಪು ಚೀಟಿ ಸಮೇತ. "ಸತ್ತಾವ ಎದ್ದ ಬಂದ ನೋಡ್ರಿ," ಅಂದ ಒಬ್ಬ. ಮಗ್ಗ ರಿಪೇರಿ ಮಾಡುವ ಮಿಸ್ತ್ರಿಯ ಮುಂದೆ ನಿಂತೆ. ಬಾಯಿ ತೆರೆದೆ. ಊರ ಮಂದಿಯ ದನಿಯನ್ನೆಲ್ಲ ಇಟ್ಟುಕೊಂಡ ಗಂಟಲಿನಿಂದ ನನ್ನದೇ ಒಂದು ದನಿ ಹೊರಡಲಿಲ್ಲ. ಬರೀ "ದೊಡ್ಡವ್ವ" ಅಂದೆ ಅಂತ ಕಾಣುತ್ತದೆ, ಕೈಯಿಂದ ವಾಲ್ವ್ ತಿರುಗಿಸಿದ ಹಾಗೆ ಮಾಡಿ ಗೋಡೆಯಾಚೆ ತೋರಿಸಿದೆ. ಮಿಸ್ತ್ರಿ ನನ್ನ ಮುಖ ನೋಡಿ, ದೊಡ್ಡ ಪಾನಾ ಎತ್ತಿಕೊಂಡು ಓಡಿದ.

ಮಗ್ಗದ ಬೋಲ್ಟ್ ಬಿಚ್ಚುವ ಪಾನಾದಿಂದ ಆಕ್ಸಿಜನ್ ತೆರೆಯಿತು. ಸ್ವಲ್ಪ ಹೊತ್ತಿಗೆ ಉಗುರುಗಳು ಮೊದಲಿನ ಬಣ್ಣಕ್ಕೆ ಬಂದವು. ಅಷ್ಟು ಹೊತ್ತು ನಾನು ಬೇರೇನನ್ನೂ ನೋಡಲಿಲ್ಲ.

ಡ್ರಿಲ್ ಯಶಸ್ವಿ ಎಂದು ವರದಿಯಾಯಿತು. ಹಳದಿ ಚೀಟಿಯ ರೋಗಿ ಗುಣಮುಖ ಎಂದೂ ಬರೆದರಂತೆ. ಸುಳ್ಳಲ್ಲವಲ್ಲ?

ವಾಪಸ್ ಬಂದ ಡ್ರೈವರ್ ತಲೆ ತಗ್ಗಿಸಿ ನರ್ಸಿಗೆ ಚಾವಿ ಕೊಟ್ಟ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಬಂದ ದೊಡ್ಡವ್ವ ಸುಮ್ಮನೆ ಕೂರಲಿಲ್ಲ. ಕೆಂಪು ನೂಲು ಹುರಿಮಾಡಿಕೊಂಡು ನರ್ಸಿನ ಹತ್ತಿರ ಹೋಗಿ, ಆ ಚಾವಿಯನ್ನು ಸಿಲಿಂಡರಿನ ಕೊರಳಿಗೇ ಕಟ್ಟಿದಳು. ಎಳೆ ಹರಿದಾಗ ನೇಕಾರರು ಹಾಕುತ್ತಾರಲ್ಲ, ಆ ಗಂಟು. ಜಗ್ಗಿದಷ್ಟೂ ಬಿಗಿಯುತ್ತದೆ.

"ಇನ್ನ ಎಲ್ಲೂ ಹೋಗಂಗಿಲ್ಲ," ಅಂದಳು. ನಾನೂ ನಂಬಿದೆ.

ಈಗ ಈ ವಾರಕ್ಕೆ ಬರೋಣ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಹೊಳೆಗೆ ನೀರು ಬಿಟ್ಟಿದ್ದಾರೆ. ಚಿಕ್ಕಪಡಸಲಗಿ ಬ್ಯಾರೇಜ್ ಮುಳುಗಿ ಕಾಣುತ್ತಿಲ್ಲವಂತೆ. ದೊಡ್ಡವ್ವನ ಓಣಿಗೆ ನಿನ್ನೆ ನೀರು ಬಂತು. ಅದೇ ಸಾಲೆ ಈಗ ಕಾಳಜಿ ಕೇಂದ್ರ. ಅದೇ ಅಂಗಳ, ಅದೇ ತಾಡಪತ್ರಿ, ಚೀಟಿಯಿಲ್ಲದ ಜನ. ದೊಡ್ಡವ್ವ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಾಳೆ, ಪಂಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು. ತಂಡಿ ಗಾಳಿಗೆ ಸೀಟಿ ಸಣ್ಣಗೆ ಶುರುವಾಗಿದೆ.

ಬೆಳಿಗ್ಗೆ ಹೋಗಿ ಇಲ್ಲಿಗೆ ತಂದಿಟ್ಟ ಸಿಲಿಂಡರ್ ನೋಡಿದೆ. ಇದೆ. ತುಂಬಿದೆ. ಟಿಕ್ ಇದೆ. ಕೆಂಪು ನೂಲಿಲ್ಲ.

"ಹಳೇದನ್ನ ತುಂಬಸಾಕ ಕಳಿಸಿದ್ವಿರೀ," ಅಂದಳು ಅದೇ ನರ್ಸ್. "ತುಂಬಿದ್ದು ಬ್ಯಾರೇದ ಬಂತು. ಹಳೇದು ಯಾವ ಆಸ್ಪತ್ರಿಗೆ ಹೋತೋ."

"ಚಾವಿ?"

"ಆ ಹಳೇದಕ್ಕ ಕಟ್ಟಿತ್ತಲ್ಲರಿ," ಅಂದಳು, ತೀರ ಸಣ್ಣ ದನಿಯಲ್ಲಿ.

ಬೇರೆ ಚಾವಿ ಸಂಜೆಯೊಳಗೆ ಕಳಿಸುತ್ತಾರಂತೆ. ರಸ್ತೆ ಇದ್ದರೆ. ಮಗ್ಗದ ಶೆಡ್ಡಿಗೆ ಬೀಗ ಬಿದ್ದಿದೆ, ಮಿಸ್ತ್ರಿ ತನ್ನ ಮನೆ ಸಾಮಾನು ಸಾಗಿಸಲು ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ. ನಾನು ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡು ಸಾಲಿಗೊಮ್ಮೆ ನಿಲ್ಲಿಸಿ ಅವಳ ಉಗುರು ನೋಡುತ್ತೇನೆ.

ಈಗಷ್ಟೇ ಕೇಳಿದಳು. "ನಾ ಕಟ್ಟಿದ್ದು ಐತೇನೋ ಅಲ್ಲೆ?"

"ಐತಿ ಬೇ," ಅಂದೆ. ಅವಳಿಗೆ ಬಹಳ ಇಷ್ಟವಾದ ಕಂಡಕ್ಟರ್ ದನಿಯಲ್ಲಿ. ನಕ್ಕಳು. ನಗಿಸಬಾರದಿತ್ತು.

ನಿಮ್ಮೂರ ಆಸ್ಪತ್ರೆಯ ಸಿಲಿಂಡರಿಗೆ ಕೆಂಪು ನೂಲಿನಲ್ಲಿ ಕಟ್ಟಿದ ಚಾವಿಯೊಂದು ಜೋತಾಡುತ್ತಿದೆಯೇ, ಎದ್ದು ಹೋಗಿ ಸ್ವಲ್ಪ ನೋಡಿ ಬರುತ್ತೀರಾ?