ಗುರುಶಾಂತನ ಗಾಡಿಗೆ ಬಾಸು ಬಂದದ್ದು

ನರೋಣಾದ ಗುರುಶಾಂತನಿಗೆ ಮೂವತ್ತೈದು ದಾಟಿದೆ, ಮದುವೆ ಮಾತ್ರ ಆಗಿಲ್ಲ. ದೋಷ ಹುಡುಕಿದರೆ ಸಿಗದು. ಕುಡಿಯುವುದಿಲ್ಲ, ಲಿಂಗಪೂಜೆ ತಪ್ಪಿಸುವುದಿಲ್ಲ, ಆಳಂದದಿಂದ ಖಜೂರಿಗೆ ಸ್ವಂತ ಕ್ರೂಸರ್ ಜೀಪು ಓಡಿಸುತ್ತಾನೆ. ಆದರೆ ಈಗಿನ ಹೆಣ್ಣಿನ ಕಡೆಯವರಿಗೆ, ದಿನಾ ನೂರು ಜನರನ್ನು ಊರು ಮುಟ್ಟಿಸುವವನಿಗಿಂತ ಕಲಬುರಗಿಯ ಯಾವುದೋ ಆಫೀಸಿನ ಬಾಗಿಲು ಕಾಯುವವನೇ ಮೇಲು. "ಹುಡುಗಗ ನೌಕರಿ ಐತೇನ್ರಿ?" ಎಂಬ ಒಂದೇ ಪ್ರಶ್ನೆಗೆ ಅವನ ಎಷ್ಟೋ ಸಂಬಂಧ ಬಾಗಿಲಲ್ಲೇ ಮುರಿದಿವೆ.

ಅಂಥವನಿಗೆ ಸೋದರತ್ತೆ ಗಂಗಾಬಾಯಿ ಕೊನೆಗೂ ಒಂದು ಸಂಬಂಧ ತಂದಳು. ಖಜೂರಿ ರಸ್ತೆಯ ಹಳ್ಳಿಯ ಹುಡುಗಿ, ಹೆಸರು ಭಾಗ್ಯಜ್ಯೋತಿ. ಆಳಂದದಲ್ಲಿ ಹೊಲಿಗೆ ಕಲಿಸುತ್ತಾಳೆ. ಡ್ರೈವರ್ ಆದರೂ ನಡೆದೀತು ಅಂದಿದ್ದಾಳೆ.

"ಆದ್ರ ಒಂದು ಮಾತು ಲೇ ಗುರ್ಯಾ," ಅಂದಳು ಗಂಗಾಬಾಯಿ. "ಮನಿಗಿ ಬಂದು ಚಹಾ ಚೂಡಾ ತಿನ್ನೂಕಿಂತ ಮೊದಲ ಅವರು ಸುಮ್ಮ ನಿನ್ನ ಗಾಡಿ ಹತ್ತಿ ನೋಡ್ತಾರಂತ. ಯಾರು ಬರ್ತಾರ, ಯಾವತ್ತು ಬರ್ತಾರ, ನನಗೂ ಹೇಳಿಲ್ಲ. ಹುಷಾರ್ ಇರು. ಇದೂ ಹೋತಂದ್ರ ನನ್ನ ಕಡಿಂದ ಮುಂದ ಆಗಂಗಿಲ್ಲ ನೋಡು."

ಹೀಗೆ ಕದ್ದು ಗಂಡು ನೋಡುವುದು ಈ ಕಡೆಯ ಜಾಣತನ. ಎದುರಿಗೆ ಕೂಡಿಸಿಕೊಂಡು ನೋಡಿದರೆ ಎಲ್ಲ ಗಂಡೂ ಬಂಗಾರವೇ.

ಬೇರೆ ಯಾರಾದರೂ ಆಗಿದ್ದರೆ ಅಂಗಿ ಇಸ್ತ್ರಿ ಮಾಡಿಸುತ್ತಿದ್ದರು. ಗುರುಶಾಂತ ಗಾಡಿಗೆ ವೂಫರ್, ಅಂದರೆ ಹಾಡಿನ ಬಾಸು ಗುದ್ದುವ ದೊಡ್ಡ ಸ್ಪೀಕರ್, ಹಾಕಿಸಲು ಹೊರಟ. ಸ್ಟ್ಯಾಂಡಿನಲ್ಲಿ ಅವನ ಪಕ್ಕಕ್ಕೆ ನಿಲ್ಲುವ ಸಂತೋಷಕುಮಾರನ ಗಾಡಿಯಲ್ಲಿ ವೂಫರ್ ಇತ್ತು. ಸಂತೋಷಕುಮಾರನಿಗೆ ಹೋದ ವರ್ಷ ಮದುವೆಯೂ ಆಗಿತ್ತು. ವೂಫರಿನಿಂದಲೇ ಮದುವೆ ಆದದ್ದೆಂದು ಗುರುಶಾಂತ ಒಬ್ಬನೇ ಕೂತು ತೀರ್ಮಾನಿಸಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

ಆಳಂದ ಬಸ್ ಸ್ಟ್ಯಾಂಡ್ ಎದುರಿನ ಅಮೀರನ ಸ್ಪೀಕರ್ ಅಂಗಡಿಗೆ ಹೋಗಿ, "ಸಸ್ತಾದಾಗ ಛಲೋದು ತೋರಸು" ಅಂದ. ಅಮೀರ ಒಂದು ಚಪ್ಪಟೆ ಪೆಟ್ಟಿಗೆ ಮುಂದಿಟ್ಟ.

"ಇದು ಎಂಟಿಂಚಿಂದು ಅಣ್ಣಾ. ಆಂಪ್ಲಿಫಾಯರ್ ಒಳಗ ಐತಿ. ಸೀಟಿನ ಕೆಳಗ ಕುಂದರ್ತದ, ಜಾಗಾ ತಿನ್ನಂಗಿಲ್ಲ. ನಿಮ್ಮ ಗಾಡಿಗಿ ಬರೋಬ್ಬರಿ."

ಗುರುಶಾಂತ ಎತ್ತಿ ನೋಡಿದ. ಹಗುರವಿತ್ತು. ಹಗುರಾದ ವಸ್ತುವಿಗೆ ರೊಕ್ಕ ಕೊಡುವುದು ಅವನ ಮನೆತನದಲ್ಲೇ ಇಲ್ಲ. ಕಲ್ಲಂಗಡಿ ಬಡಿದು ನೋಡುವಂತೆ ಒಂದೊಂದನ್ನೂ ಬಡಿದು, ಹಿಂದಿನ ಮ್ಯಾಗ್ನೆಟ್ಟನ್ನು ಅಂಗೈಯಲ್ಲಿ ತೂಗಿ, ಕಡೆಗೆ ಹನ್ನೆರಡಿಂಚಿನದೊಂದರ ಮುಂದೆ ನಿಂತ. ಅದರ ಮೇಲೆ ಎರಡು ಸಾವಿರ ವಾಟ್ ಎಂಬ ಕೆಂಪು ಸ್ಟಿಕರ್ ಮಿಂಚುತ್ತಿತ್ತು.

"ಆ ಸ್ಟಿಕರ್ ನಂಬಬ್ಯಾಡ್ರಿ," ಅಂದ ಅಮೀರ. "ಸಸ್ತಾ ಮಾಲಿನ ಮ್ಯಾಲ ಯಾವ ನಂಬರ್ ಬೇಕಾದ್ರೂ ಬರೀತಾರ."

"ಬರ್ದಾರಲ್ಲ, ಜನ ಓದ್ತಾರ. ಅಷ್ಟ ಸಾಕು."

ಅದಕ್ಕೆ ಬೇರೆ ಆಂಪ್ಲಿಫಾಯರೂ ಬೇಕಾಗಿ, ಎಲ್ಲ ಕೂಡಿಸುವಷ್ಟರಲ್ಲಿ ಸಂಜೆಯಾಯಿತು. ಬ್ಯಾಟರಿಯಿಂದ ಹಿಂದಿನವರೆಗೂ ದಪ್ಪ ವಾಯರ್ ಎಳೆದು ನಡುವೆ ಫ್ಯೂಸ್ ಹಾಕಿದರು. ಅರ್ಥ್ ಕೊಡಲು ಅಮೀರ ತಗಡಿನ ಬಣ್ಣ ಕೆರೆದಾಗ ಗುರುಶಾಂತನಿಗೆ ತನ್ನ ಚರ್ಮವೇ ಕೆರೆದಂತಾಯಿತು. ಪೆಟ್ಟಿಗೆ ಹಿಂದಿನ ಸೀಟಿನ ಕೆಳಗೆ ಹಿಡಿಸಲಿಲ್ಲ. ಸೀಟನ್ನೇ ಹಲಗೆ ಕೊಟ್ಟು ಎತ್ತಿದರು. ಇನ್ನು ಅಲ್ಲಿ ಕೂತವರ ತಲೆ ಮೇಲಿನ ತಗಡಿಗೆ ತಾಗುತ್ತಿತ್ತು. ಅಮೀರ ಆಂಪ್ಲಿಫಾಯರಿನ ಸದ್ದಿನ ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸಿ, ಇದಕ್ಕಿಂತ ಮುಂದೆ ತಿರುವಬೇಡಿ ಎಂದು ಕೈಮುಗಿದ. ಗುರುಶಾಂತ ಆಳಂದ ದಾಟುವ ಮೊದಲೇ ಪೂರ್ತಿ ತಿರುವಿದ.

ಈ ಗಾಡಿಗಳಿಗೆ ಗಂಟೆ ಇಲ್ಲ, ಕಂಡಕ್ಟರ್ ಇಲ್ಲ. ಇಳಿಯುವವರು ತಗಡಿನ ಮೇಲೆ ದಬ್ ದಬ್ ಎಂದು ಬಡಿಯಬೇಕು, ಡ್ರೈವರ್ ನಿಲ್ಲಿಸಬೇಕು. ಅದೇ ಕಾಯಿದೆ. ಈಗ ವೂಫರಿನ ಬಾಸೂ ದಬ್ ದಬ್ ಅನ್ನತೊಡಗಿತು. ಮೊದಲ ಟ್ರಿಪ್ಪಿನಲ್ಲಿ ಗುರುಶಾಂತ ಪ್ರತಿ ಬಡಿತಕ್ಕೂ ಬ್ರೇಕ್ ಹಾಕಿದ. ಯಾರೂ ಇಳಿಯಲಿಲ್ಲ, ಎಲ್ಲರೂ ಬೈದರು. ಮರುದಿನದ ಹೊತ್ತಿಗೆ ಅವನು ಒಂದು ಪಾಠ ಕಲಿತ: ದಬ್ ಅಂದರೆ ನಿಲ್ಲಿಸಬಾರದು.

ಮತ್ತೊಂದು ಕಡೆ ಭಾವೀ ಮಾವನ ಹುಡುಕಾಟ ನಡೆದಿತ್ತು. ಬಿಳೀ ಧೋತರ, ಟೋಪಿ ಕಂಡರೆ ಸಾಕು, ಗುರುಶಾಂತ ಗಾಡಿಯ ಬಾಗಿಲು ತೆಗೆದು ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಅಂಥ ಹಿರಿಯರೊಬ್ಬರು ಬಂದರು. ಅವರನ್ನು ಮುಂದಿನ ಸೀಟಿಗೆ ಕೂಡಿಸಿ, ಚಹಾ ಕುಡಿಸಿ, ಬಾಡಿಗೆ ಬ್ಯಾಡ ಅಂದ. ದಾರಿಯುದ್ದಕ್ಕೂ ಹಿರಿಯರ ಮುಖವನ್ನೇ ನೋಡುತ್ತ, ಬಾಸಿಗೆ ತಲೆ ಹಾಕುತ್ತ ಓಡಿಸಿದ. ಎತ್ತಿದ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತಲೆ ಬಗ್ಗಿಸಿ ಕೂತಿದ್ದರು, ಒಬ್ಬಳು ವಯಸ್ಸಾದವಳು, ಒಬ್ಬಳು ಚಿಕ್ಕವಳು. ಅವರ ಊರಿನ ಕ್ರಾಸ್ ಬಂತು. ಚಿಕ್ಕವಳು ತಗಡು ಬಡಿದಳು. ಗಾಡಿ ನಿಲ್ಲಲಿಲ್ಲ. ಇಬ್ಬರೂ ಕೂಡಿ ಬಡಿದರು, ಕೂಗಿದರು. ಇವತ್ತು ಬಾಸು ಎಷ್ಟು ಛಲೋ ಹತ್ತೇತಿ ಎಂದು ಗುರುಶಾಂತ ಹಿಗ್ಗಿ ಆಕ್ಸಿಲರೇಟರ್ ಒತ್ತಿದ.

ಖಜೂರಿಯಲ್ಲಿ ನಿಲ್ಲಿಸಿ ಹಿರಿಯರನ್ನು ಕೈಹಿಡಿದು ಇಳಿಸಿದ. "ಗಾಡಿ ಹ್ಯಾಂಗ ಅನಿಸ್ತ್ರಿ ಯಜಮಾನ್ರ?"

"ಛಲೋ ಐತಪಾ. ಇಲ್ಲೊಂದು ಎಮ್ಮಿ ಮಾರಾಕ ಅದ ಅಂದ್ರು, ನೋಡಾಕ ಬಂದೇನಿ," ಅಂದು ಅವರು ಹೊರಟೇಬಿಟ್ಟರು.

ಚಹಾದ ರೊಕ್ಕ, ಬಾಡಿಗೆ ಎರಡೂ ಹೋಗಿ ಗುರುಶಾಂತನಿಗೆ ಉರಿಯುತ್ತಿತ್ತು. ಹಿಂದಿನ ಸೀಟಿನಿಂದ ಇಳಿದ ಹೆಂಗಸರು ಕ್ರಾಸಿನ ಬಾಡಿಗೆ ಕೊಡಲು ಬಂದರು. "ಖಜೂರಿ ತನಕ ಬಂದೀರಿ, ಖಜೂರಿ ರೊಕ್ಕ ಕೊಡ್ರಿ," ಎಂದು ಎಮ್ಮೆಯ ಮನುಷ್ಯ ಹೋದ ದಾರಿಯನ್ನೇ ನೋಡುತ್ತ ಕೈ ಚಾಚಿದ. ಚಿಕ್ಕವಳು ಮೇಲಿನ ರೊಕ್ಕವನ್ನೂ ಕೈಯಲ್ಲಿಟ್ಟಳು. ಬಿಸಿಲಿನಲ್ಲಿ ಇಬ್ಬರೂ ಬಂದ ದಾರಿ ಹಿಡಿದು ನಡೆದರು.

ವಾರ ಮುಗಿದ ಮೇಲೆ ಗಂಗಾಬಾಯಿ ಬಂದು ಕಟ್ಟೆಯ ಮೇಲೆ ಕೂತಳು. ನೀರೂ ಕೇಳಲಿಲ್ಲ.

"ಅವರು ಬರಲೇ ಇಲ್ಲಲ್ಲ ಅತ್ತಿ," ಅಂದ ಗುರುಶಾಂತ.

"ಬಂದಿದ್ರು. ಹುಡುಗಿ, ಆಕಿ ಅವ್ವ. ಖಜೂರಿಂದ ನಡ್ಕೋತ ಮನಿಗಿ ಹೋದ್ರಂತ."

"ಹುಡುಗಿ ಏನಂದ್ಲು?"

"ಕೆಟ್ಟಾಂವ ಅಲ್ಲ ಅಂದ್ಲು. ಆದ್ರ ನಾ ನಿಂದ್ರಸು ಅಂದ್ರ ನಿಂದ್ರಸಾಂವ ಅಲ್ಲ ಅಂದ್ಲು."

ಗಂಗಾಬಾಯಿ ಎದ್ದು ಹೋದಳು. ಗುರುಶಾಂತ ಆ ಹುಡುಗಿಯ ಮುಖ ನೆನಪಿಸಿಕೊಳ್ಳಲು ನೋಡಿದ. ಎಷ್ಟು ಹೊತ್ತು ಕೂತರೂ ರೊಕ್ಕ ಇಟ್ಟ ಕೈ ಮಾತ್ರ ನೆನಪಿಗೆ ಬಂತು.