ಎತ್ತಿ ಕುಡಿದ ಬಿಯರು

ನಮ್ಮ ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಗಾಜಿನದ್ದೊಂದು ಮಗ್ಗು ಇದೆ. ಒಂದು ಲೀಟರು ಹಿಡಿಯುವ, ಮೈಯೆಲ್ಲ ಗುಳಿಗುಳಿಯಾದ, ಖಾಲಿಯಿದ್ದರೂ ಕೈ ಸೋಲಿಸುವಷ್ಟು ಭಾರದ ಮಗ್ಗು. ಮದುವೆಯಾಗಿ ಬಂದ ಹೊಸತರಲ್ಲಿ ಹೆಂಡತಿ “ಇದು ಎಂತಕ್ಕೆ?” ಎಂದು ಕೇಳಿದ್ದಳು. “ಎಂತಕ್ಕೂ ಅಲ್ಲ, ಸೌಟು ಹಾಕಿಡು” ಎಂದಿದ್ದೆ. ಅಂದಿನಿಂದ ಅದರಲ್ಲಿ ಸೌಟು, ಜಾಲರಿ, ತುದಿ ಮುರಿದ ಒಂದು ಕಡೆಗೋಲು ನಿಂತುಕೊಂಡಿವೆ. ಕಳೆದ ಭಾನುವಾರ ಬೆಳಿಗ್ಗೆ ಆಕೆ ಎಲ್ಲವನ್ನೂ ಹೊರಗೆ ತೆಗೆದು, ಹುಣಸೆಹುಳಿ ಹಾಕಿ ತಿಕ್ಕಿ, ಮಗ್ಗನ್ನು ಬಿಸಿಲಿಗೆ ಇಟ್ಟಳು. “ಅವರೇ ಕೊಟ್ಟದ್ದಂತೆ, ಫೋನಿನಲ್ಲಿ ಹೇಳಿದ್ರು. ಅಷ್ಟು ದೂರದಿಂದ ಬಂದವರು ಇದರಲ್ಲಿ ಸೌಟು ನೋಡಿದ್ರೆ ಎಂತ ಎಣಿಸ್ಲಿಕ್ಕಿಲ್ಲ?” ಎಂದಳು.

ಬರುವವನು ಮುರಳಿ. ನಮ್ಮದೇ ಜಿಲ್ಲೆಯ ಅಡೂರಿನ ಕಡೆಯ ಅರ್ಚಕರೊಬ್ಬರ ಮಗ, ಜರ್ಮನಿಯಲ್ಲಿ ನನ್ನ ಜೊತೆಗೆ ಓದಿದವನು, ಈಗಲೂ ಅಲ್ಲೇ ಇರುವವನು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಫೋನು ಮಾಡುತ್ತಾನೆ. ನಾನು ಎತ್ತುವುದಿಲ್ಲ. ಈ ಸಲ ಯಾರಿಂದಲೋ ನನ್ನ ಹೆಂಡತಿಯ ನಂಬರು ಸಂಪಾದಿಸಿ ಊಟಕ್ಕೇ ಬರುತ್ತೇನೆಂದು ಅವಳನ್ನು ಒಪ್ಪಿಸಿಬಿಟ್ಟಿದ್ದ. ನಾನು ಮಗ್ಗನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಹುಣಸೆಹುಳಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ನನಗೆ ಬಂದದ್ದು ಬಿಯರಿನ ವಾಸನೆಯೇ.

ನಿಮಗೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಳಿ ಬಂದ ಪಾನೀಯದ ವಾಸನೆ ನನಗೆ ಹೊಸದಲ್ಲ. ಕಾಸರಗೋಡಿನ ಹೊರವಲಯದ ನಮ್ಮ ಮನೆಯಲ್ಲಿ ಅಜ್ಜ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಸಂಜೆ ಅವರ ಮಡಿಲಲ್ಲಿ ಕೂತರೆ ಬರುತ್ತಿದ್ದದ್ದು ಇದೇ ವಾಸನೆ. ಅಪ್ಪ ಗಲ್ಫಿಗೆ ಹೋಗಿ ದುಡಿದು ಆ ವಾಸನೆಯನ್ನು ಮನೆಯಿಂದ ಓಡಿಸಿದರು. ನನ್ನನ್ನು ಎಂಜಿನಿಯರಿಂಗ್ ಓದಿಸಿ, ಇನ್ನೂ ಹೆಚ್ಚು ಓದಲೆಂದು ಜರ್ಮನಿಗೆ ಕಳಿಸಿದರು. ಅಲ್ಲಿ ನೋಡಿದರೆ ಊರಿಗೆ ಊರೇ ಅಜ್ಜನ ವಾಸನೆಯಲ್ಲಿ ಹಬ್ಬ ಮಾಡುತ್ತಿತ್ತು.

ಅಲ್ಲಿ ನನಗೆ ಸಿಕ್ಕಿದವನು ಮುರಳಿ. ಅಷ್ಟು ದೊಡ್ಡ ದೇಶದಲ್ಲಿ, ಹಾಸ್ಟೆಲಿನ ನನ್ನದೇ ಮಾಳಿಗೆಯಲ್ಲಿ, “ನೀವು ಕಾಸರಗೋಡಾ? ದೇವರೇ, ನಾನು ಅಡೂರು ಮಾರಾಯ್ರೆ!” ಎಂದು ಕೈ ಹಿಡಿದವನು ಮತ್ತೆ ಬಿಟ್ಟಿರಲಿಲ್ಲ. ನನ್ನ ಮನೆಮಾತು ತುಳು, ಅವನದು ಹವ್ಯಕ ಕನ್ನಡ. ನಡುವೆ ಶಾಲೆಯ ಕನ್ನಡದಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು. ಶನಿವಾರ ಒಟ್ಟಿಗೆ ಅಡುಗೆ. ಅವನದು ಸಾರು, ಮೊಸರು. ನನ್ನದು ಎಲ್ಲಿಂದಲೋ ಹುಡುಕಿ ತಂದ ಬಂಗುಡೆ. ಒಂದೇ ಒಲೆ, ಒಂದೇ ಮೇಜು. ನಾನು ಮೀನು ಹುರಿಯುವಾಗ ಅವನು ಕಿಟಕಿಯನ್ನು ಪೂರ್ತಿ ತೆರೆದು, ಚಳಿಗೆ ಕೋಟು ಹಾಕಿಕೊಂಡು, ಮೊಸರನ್ನ ಉಣ್ಣುತ್ತಿದ್ದ. ಎದ್ದು ಮಾತ್ರ ಹೋಗುತ್ತಿರಲಿಲ್ಲ. ಈ ಕೋಟು ಹಾಕಿದ ಊಟವನ್ನು ನಾನು ನೆನಪಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಬೇಕಾದದ್ದು ಬೇಕಾದಾಗ ನೆನಪಿಗೆ ಬರುವಷ್ಟು ಒಳ್ಳೆಯ ತಲೆ ನನ್ನದಲ್ಲ.

ಆ ವಸಂತದಲ್ಲಿ ನಮ್ಮ ಕ್ಲಾಸಿನ ಲೆನಾ ಎಂಬ ಹುಡುಗಿ ವಾರಾಂತ್ಯಕ್ಕೆ ಪ್ರವಾಸ ಹೊರಡಿಸಿದಳು. ಪಕ್ಕದ ದೊಡ್ಡ ನಗರದಲ್ಲಿ ವಸಂತದ ಬಿಯರ್ ಹಬ್ಬ. ಒಂದು ಬಸ್ಸು ತುಂಬ ವಿದ್ಯಾರ್ಥಿಗಳು. ಮುರಳಿ ಮೊದಲು ಬರುವುದಿಲ್ಲ ಎಂದ, ಆಮೇಲೆ ನೋಡಲಿಕ್ಕೆ ಮಾತ್ರ ಎಂದ, ಬಸ್ಸು ಹತ್ತುವಾಗ “ಒಂದು ಗುಟುಕಿಗೆ ಎಂತ ಆಗ್ತದೆ, ಅಲ್ವಾ?” ಎಂದು ನನ್ನನ್ನೇ ಕೇಳಿದ. ಅರ್ಚಕರ ಮಗನಿಗೆ ನಾನು ಎಂತ ಹೇಳಲಿ? ನನ್ನ ಅಜ್ಜನ ಪರವಾಗಿ ಅನುಮತಿ ಕೊಟ್ಟೆ.

ಆ ಮೈದಾನವನ್ನು ಬಣ್ಣಿಸುವುದು ಕಷ್ಟ. ಜಾತ್ರೆಯ ತೊಟ್ಟಿಲು, ಗಿರಗಿರ ಸುತ್ತುವ ಗಿರಗಟ್ಟೆ, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಪರಿಮಳ, ಚಳಿ ಬಿಡದ ಬಿಸಿಲು. ಮೂರು ಮದುವೆಗಳನ್ನು ಒಟ್ಟಿಗೆ ಮಾಡಬಹುದಾದಷ್ಟು ದೊಡ್ಡ ಡೇರೆ. ಒಳಗೆ ಉದ್ದುದ್ದ ಮರದ ಬೆಂಚುಗಳ ಮೇಲೆ ಜನ ಕೂತಿರಲಿಲ್ಲ, ನಿಂತಿದ್ದರು, ಹಾಡುತ್ತಿದ್ದರು, ಗುರುತು ಪರಿಚಯವಿಲ್ಲದವರ ಹೆಗಲಿಗೆ ಕೈ ಹಾಕುತ್ತಿದ್ದರು. ಅಗಲ ಭುಜದ ಹೆಂಗಸೊಬ್ಬರು ಎರಡು ಕೈಗಳಲ್ಲೂ ಮಗ್ಗುಗಳ ಗೊಂಚಲು ಹಿಡಿದು ಜನರನ್ನು ಸೀಳಿಕೊಂಡು ಬಂದರು. ಮುರಳಿ ಮೇಜಿನ ಮೂಲೆಯಲ್ಲಿ ಕೂತು, ನಮ್ಮ ಚಕ್ಕುಲಿಯನ್ನು ಯಾರೋ ಸಿಟ್ಟಿನಿಂದ ಗಂಟು ಹಾಕಿದಂತಿದ್ದ ಉಪ್ಪಿನ ರೊಟ್ಟಿಯನ್ನು ಮುರಿಯುತ್ತಿದ್ದ.

ಹೊಸಬರಿಗೆ ತಲೆಗೊಂದು ಲೀಟರು ಜಾಸ್ತಿಯಾದೀತು ಎಂದು ಲೆನಾ ಒಂದೇ ಮಗ್ಗು ತರಿಸಿ ಸರದಿಯಲ್ಲಿ ದಾಟಿಸಿದಳು. ಮೊದಲು ಅವಳು ಕುಡಿದಳು, ಆಮೇಲೆ ಅವಳ ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗ. ನಂತರ ನಾನು. ಕುಡಿದು, ತುಟಿಯ ನೊರೆ ಒರೆಸಿಕೊಂಡು, ಮಗ್ಗನ್ನು ಮುರಳಿಯ ಕೈಗೆ ಕೊಟ್ಟೆ.

ಮುರಳಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಮಗ್ಗನ್ನು ಬಾಯಿಗಿಂತ ಗೇಣು ಎತ್ತರಕ್ಕೆ ಎತ್ತಿದ. ತುಟಿ ತಾಗಿಸದೆ, ಮೇಲಿನಿಂದ ಹೊಯ್ದುಕೊಂಡ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಚೆಂಬಾಗಲಿ ಬಾಟಲಿಯಾಗಲಿ, ಕಚ್ಚಿ ಕುಡಿದರೆ ಎಂಜಲು, ಎತ್ತಿ ಕುಡಿದರೆ ಸರಿ. ಆದರೆ ಒಂದು ಲೀಟರು ಬಿಯರು ಚೆಂಬಿನ ನೀರಲ್ಲ. ನೊರೆ ಮೂಗಿಗೆ ಹೋಯಿತು, ಬಿಯರು ಗಲ್ಲಕ್ಕೆ ಇಳಿದು, ಸ್ವೆಟರಿಗೆ ಇಳಿದು, ಮೊಣಕೈಯಿಂದ ಮೇಜಿಗೆ ತೊಟ್ಟಿಕ್ಕಿತು. ಇಡೀ ಬೆಂಚು ಹೋ ಎಂದು ನಕ್ಕಿತು.

ನಾನು ನಗಲಿಲ್ಲ. ಆ ಗದ್ದಲದಲ್ಲಿ ನನ್ನ ಕಣ್ಣಿಗೆ ಬಂದದ್ದು ಅಜ್ಜಿ. ದೊಡ್ಡ ಮನೆಗಳಿಗೆ ಕೆಲಸಕ್ಕೆ ಹೋದರೆ, ಬಾಯಾರಿದಾಗ ಅಂಗಳದ ತುದಿಯಲ್ಲಿ ಬಗ್ಗಿ ಬೊಗಸೆ ಒಡ್ಡಬೇಕಿತ್ತಂತೆ. ಚೆಂಬು ಕೈಗೆ ತಾಗದಷ್ಟು ಎತ್ತರದಿಂದ ನೀರು ಹೊಯ್ಯುತ್ತಿದ್ದರಂತೆ. ಅರ್ಧ ನೀರು ಮೊಣಕೈಯಿಂದಲೇ ಇಳಿದು ಹೋಗುತ್ತಿತ್ತು ಎಂದು ಅಜ್ಜಿ ನಗುತ್ತಾ ಹೇಳುತ್ತಿದ್ದರು. ಇಲ್ಲಿ ನನ್ನ ತುಟಿ ತಾಗಿದ ಮಗ್ಗು, ಇವನು ಎತ್ತಿದ ಎತ್ತರ. ಆ ಡೇರೆಯೊಳಗಿನ ಜನರಲ್ಲಿ ಈ ಎತ್ತರದ ಅರ್ಥ ತಿಳಿದವನು ನಾನೊಬ್ಬನೇ ಎಂದುಕೊಂಡೆ. ಅರ್ಚಕರ ಮಗ ಬಿಯರು ಕುಡಿದದ್ದಕ್ಕೆ ನನ್ನ ತಕರಾರಿರಲಿಲ್ಲ, ಕುಡಿದ ರೀತಿಗೆ ಇತ್ತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಲೆನಾ, ಪೋಲೆಂಡಿನ ಹುಡುಗ ಇಬ್ಬರೂ ಮತ್ತೆ ಕುಡಿದಾದ ಮೇಲೆ ಮಗ್ಗು ನನ್ನ ಹತ್ತಿರ ಬಂತು. ಈ ಎತ್ತರ ಏನೆಂದು ನಿನಗೂ ಗೊತ್ತಾಗಲಿ ಎಂದುಕೊಂಡು, ಅವನ ಮುಖವನ್ನೇ ನೋಡುತ್ತಾ, ನಾನೂ ಎತ್ತಿ ಹೊಯ್ದುಕೊಂಡೆ. ಅಂಗಿಯೆಲ್ಲ ಒದ್ದೆಯಾಗಿ ಚಂಡಿ. ಲೆನಾ ಕುಣಿದಾಡಿದಳು. ಇಂಡಿಯಾದವರು ಕುಡಿಯುವ ರೀತಿಯೇ ಇದು ಎಂದು ಎಲ್ಲರಿಗೂ ಸಾರಿದಳು. ಅಕ್ಕಪಕ್ಕದ ಬೆಂಚಿನವರೂ ಎತ್ತಿ ಕುಡಿಯಲು ಶುರುಮಾಡಿದರು, ಮೀಸೆ ಬಿಟ್ಟ ಅಜ್ಜನೊಬ್ಬ ಟೋಪಿಗೇ ಹೊಯ್ದುಕೊಂಡ. ಮುರಳಿ ನನ್ನನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಷ್ಟು ಧೈರ್ಯ ಇವನಿಗೆ ಎಂದು ನಾನು ಮುಖ ತಿರುಗಿಸಿದೆ.

ಆಮೇಲಿನದನ್ನು ಹೇಳಲು ಹೆಚ್ಚೇನಿಲ್ಲ. ಬಸ್ಸಿನಲ್ಲಿ ಬೇರೆ ಸೀಟು ಹಿಡಿದೆ. ಶನಿವಾರಗಳಿಗೆ ಕೆಲಸದ ನೆಪ ಬಂತು, ಬಂಗುಡೆಗೆ ಪೇಟೆಯಲ್ಲಿ ಬರಗಾಲ ಬಂತು. ಅವನು ಬಾಗಿಲು ತಟ್ಟಿ “ಎಂತ ಮಾರಾಯ, ಹುಷಾರಿಲ್ವಾ?” ಎಂದು ಕೇಳುತ್ತಿದ್ದ, ಪರೀಕ್ಷೆ ಎನ್ನುತ್ತಿದ್ದೆ. ಜಗಳವಾದರೂ ಆಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತೋ ಏನೋ. ನಾನು ಊರಿಗೆ ಮರಳುವ ದಿನ ಅವನು ರೈಲು ನಿಲ್ದಾಣಕ್ಕೆ ಬಂದು, ಪತ್ರಿಕೆಯಲ್ಲಿ ಸುತ್ತಿದ ಈ ಮಗ್ಗನ್ನು ಕೈಗಿಟ್ಟ. “ನೆನಪಿಗೆ” ಎಂದ. ಗಾಯಕ್ಕೆ ಉಪ್ಪು ಸವರುತ್ತಾನಲ್ಲ ಎಂದುಕೊಂಡೆ. ಎಸೆಯಲು ಮನಸ್ಸು ಬರಲಿಲ್ಲ, ಕಪಾಟಿನಲ್ಲಿ ಇಡಲೂ ಬರಲಿಲ್ಲ. ಅದಕ್ಕೇ ಸೌಟು.

ಭಾನುವಾರ ಮಧ್ಯಾಹ್ನ ಮುರಳಿ ಬಂದ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ನಗು ಹಾಗೆಯೇ ಇದೆ. ಹೆಂಡತಿ ನೀರು ಕೊಟ್ಟಳು. ಲೋಟವನ್ನು ಎತ್ತಿ ಗಟಗಟ ಹೊಯ್ದುಕೊಂಡ. ಅವಳು ಅವನಿಗಾಗಿಯೇ ತೆಗೆದ ಹೊಸ ಲೋಟ ಅದು, ಯಾರ ತುಟಿಯೂ ತಾಗಿರಲಿಲ್ಲ. ನಾನು ನೋಡುತ್ತಾ ನಿಂತೆ. ಬಸ್ಸಿನಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನೂ ಬಾಟಲಿಯನ್ನು ಹೀಗೆಯೇ ಎತ್ತಿ ಕುಡಿಯುವವನಲ್ಲವೇ ಎಂಬುದು ಆ ಹೊತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

ಆಗ ಅವನ ಕಣ್ಣು ಮಗ್ಗಿನ ಮೇಲೆ ಬಿತ್ತು.

“ಇದು ಇನ್ನೂ ಉಂಟಾ!” ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನನ್ನ ಹೆಂಡತಿಯ ಕಡೆ ತಿರುಗಿ, “ಅಕ್ಕ, ಇವ ನಿಮಗೆ ಹೇಳಿರ್ಲಿಕ್ಕಿಲ್ಲ. ಹೇಳುವ ಜನ ಅಲ್ಲ” ಎಂದು ಡೇರೆಯ ಕಥೆ ಶುರುಮಾಡಿದ. “ಸಣ್ಣದಿರುವಾಗ ಕಚ್ಚಿ ಕುಡಿದ್ರೆ ಅಮ್ಮ ತಲೆಗೆ ಮೊಟಕ್ತಿದ್ರು. ಹಾಗಾಗಿ ಕೈ ತನ್ನಷ್ಟಕ್ಕೇ ಮೇಲೆ ಹೋಯ್ತು. ಮೈಯೆಲ್ಲ ಬಿಯರು. ಎಲ್ಲರೂ ನನ್ನನ್ನು ನೋಡಿ ನಗುವುದು. ಎದ್ದು ಓಡುವ ಅಂತ ಆಯ್ತು ನನಗೆ. ಆಗ ಇವ ಎಂತ ಮಾಡಿದ ಗೊತ್ತುಂಟಾ? ಮೊದಲು ಚಂದ ಮಾಡಿ ಕಚ್ಚಿ ಕುಡಿದವ, ಎರಡನೇ ಸಲ ನನ್ನ ಹಾಗೆಯೇ ಎತ್ತಿ ಹೊಯ್ಕೊಂಡ! ನನ್ನ ಮರ್ಯಾದೆ ಉಳಿಸ್ಲಿಕ್ಕೆ! ಮತ್ತೆ ಅದೇ ಒಂದು ಆಟ ಆಯ್ತು, ಯಾರೂ ನನ್ನನ್ನು ನೋಡಿ ನಗಲಿಲ್ಲ. ಅಷ್ಟು ಜನರ ನಡುವೆ ನನಗೆ ನಮ್ಮವ ಅಂತ ಒಬ್ಬ ಉಂಟು ಅಂತ ಗೊತ್ತಾದದ್ದು ಆ ದಿನ. ಇವತ್ತಿಗೂ ನಾನು ಅಲ್ಲಿ ಎಲ್ಲರಿಗೂ ಹೇಳ್ತೇನೆ.”

ಹೆಂಡತಿ ನನ್ನತ್ತ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅಪರೂಪ. “ಅಂಗಿ ಎಲ್ಲ ಚಂಡಿ ಆಗ್ತದೆ ಅಂತ ಗೊತ್ತಿತ್ತಾ ನಿಮಗೆ?” ಎಂದು ಕೇಳಿದಳು.

“ಗೊತ್ತಿತ್ತು” ಎಂದೆ.

“ನೋಡಿ, ನಾನು ಹೇಳಿದ್ದಲ್ವಾ!” ಎಂದು ಮುರಳಿ ನನ್ನ ಬೆನ್ನಿಗೆ ಗುದ್ದಿದ.

ನಿಜವನ್ನು ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಅವನ ಬಳಿ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಬ್ಬ ಗೆಳೆಯನಿದ್ದ, ಆ ಗೆಳೆಯನನ್ನು ಅವನಿಂದ ಕಿತ್ತುಕೊಳ್ಳಲು ನನಗೆ ಆಗಲಿಲ್ಲ. ಊಟ ಮಾಡಿದೆವು. ಹೆಂಡತಿ ಬಂಗುಡೆ ಹುರಿದಿದ್ದಳು. ಅವನು ತಾನಾಗಿಯೇ ಎದ್ದು ಕಿಟಕಿ ತೆರೆದು ಬಂದು ನನ್ನ ಎದುರು ಕೂತ.

ಗೇಟಿನ ಹತ್ತಿರ ನಿಂತು, “ನೀನು ಬ್ಯುಸಿ ಅಂತ ನನಗೆ ಗೊತ್ತುಂಟು. ಆದ್ರೂ ಒಮ್ಮೊಮ್ಮೆ ಫೋನು ತೆಗೆ ಮಾರಾಯ” ಎಂದ. ಬೇಸರವಿಲ್ಲದೆ ಹೇಳಿದ. ಬೇಸರದಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಳಗೆ ಬಂದಾಗ ಹೆಂಡತಿ ಮಗ್ಗನ್ನು ತೊಳೆಯುತ್ತಿದ್ದಳು. ಬೆನ್ನು ತಿರುಗಿಸಿಯೇ ಕೇಳಿದಳು: “ಇಷ್ಟು ದೊಡ್ಡ ದೋಸ್ತಿ. ಮತ್ತೆ ಇಷ್ಟು ವರ್ಷ ನೀವು ಅವರಿಗೆ ಒಂದು ಫೋನು ಮಾಡ್ಲಿಲ್ಲ ಯಾಕೆ?”

ನಾನು ಅವಳ ಕೈಯಿಂದ ಮಗ್ಗು ತೆಗೆದುಕೊಂಡು ಒರೆಸತೊಡಗಿದೆ. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದೆ.